ಸಾವಿರಕ್ಕೆ ಎಷ್ಟು

ಪೇಪರಿನಲ್ಲಿ ಎರಡೇ ಗೆರೆ ಬಂದದ್ದು:
ಪಡೀಲಿನ ಬಳಿ ಗಾಂಜಾ ಸಹಿತ ಯುವಕನ ಸೆರೆ.
ಹೆಸರು ತೇಜಾಕ್ಷ, ಪ್ರಾಯ ಇಪ್ಪತ್ತೆರಡು.
ಅವನಿಗೆ ಇಪ್ಪತ್ತೊಂದು. ಹೆತ್ತವಳಿಗೆ ಗೊತ್ತಿಲ್ಲವಾ?

ಅದೇ ಪೇಪರು ಹಾಸಿ ಎಲೆ ಕತ್ತರಿಸಿದೆ.
ನಿನ್ನೆ ನೀರಿಗೆ ಹಾಕಿದ ಎಲೆ, ಇವತ್ತು ಬಿಟ್ಟರೆ ಬೂಷ್ಟು.
ದುಃಖಕ್ಕೆಲ್ಲ ಕಾಯುವ ವಸ್ತು ಅಲ್ಲ ಅದು.

ಸ್ಟೇಷನ್ನಿನ ಮೇಜಿನ ಮೇಲೆ ಒಂದು ತಕ್ಕಡಿ,
ನಮ್ಮ ಬೀಡಿ ಬ್ರಾಂಚಿನಲ್ಲಿ ಇರುವಂಥದ್ದೇ,
ಕೆಂಪು ಅಂಕೆ ಮಿಣಮಿಣ ಅನ್ನುವುದು.
ಹದಿನಾಲ್ಕು ಗ್ರಾಂ, ಅಂದರು.
ನನ್ನ ಬಾಯಿಗೆ ಬಂದೇಬಿಟ್ಟಿತು,
ಹೊಗೆಸೊಪ್ಪಾದರೆ ಇಷ್ಟರಲ್ಲಿ ಎಪ್ಪತ್ತು ಬೀಡಿ ಆಗುದು ಸಾರ್.
ರೈಟರು ತಲೆ ಎತ್ತಿ ನೋಡಿದರು. ನಗಲಿಲ್ಲ.

ನಮ್ಮವರು ಹೋದದ್ದು ಎದೆಯಿಂದ.
ಬ್ರಾಂಚಿನವ ಚಾಟೆಂದು ಬಿಸಾಡಿದ್ದನ್ನು
ಹಾಳು ಮಾಡುದು ಬೇಡ ಅಂತ ಸೇದುತ್ತಿದ್ದರು,
ಎಲ್ಲ ನಾನೇ ಕಟ್ಟಿದ್ದು.
ಅದಕ್ಕೆ ಕೇಸಿಲ್ಲ. ಅದಕ್ಕೆ ಲೇಬಲ್ ಉಂಟು, ತೆರಿಗೆ ಉಂಟು,
ನನಗೆ ಪಿಎಫ್ ಉಂಟು.

ಕೋರ್ಟಿನ ಗುಡ್ಡೆ ಹತ್ತುವಾಗ ಲಾಯರಮ್ಮ ಹೇಳಿದಳು:
ಕೆಲವು ದೇಶದಲ್ಲಿ ಇದು ಅಂಗಡಿಯಲ್ಲೇ ಸಿಗುತ್ತದೆ ಐತಮ್ಮ,
ಸರಕಾರ ತೆರಿಗೆ ಹಾಕುತ್ತದೆ, ಕಳ್ಳರಿಗೆ ದಾರಿ ಮುಚ್ಚುತ್ತದೆ,
ಹುಡುಗರ ಮೇಲೆ ಕೇಸು ಬೀಳುವುದಿಲ್ಲ.
ಹೌದಾಗಿರಬಹುದು. ಕಳ್ಳಿನ ಮೂರ್ತೆಗೂ ಲೈಸೆನ್ಸು ಉಂಟಲ್ಲ.
ಆದರೆ ವೈನ್‌ಶಾಪಿನ ಶಟರು ಏಳುವುದನ್ನೂ
ಪಕ್ಕದ ಮನೆಯ ಚಂದ್ರಾವತಿಯ ಕೆನ್ನೆಯ ನೀಲಿಯನ್ನೂ
ಒಂದೇ ಅಂಗಳದಿಂದ ನೋಡಿದವಳು ನಾನು.
ಅವಳ ಗಂಡ ಕುಡಿಯುವುದೂ ಬಿಲ್ಲು ಕೊಟ್ಟೇ.

ಮಗನನ್ನು ಒಳಗೆ ಹಾಕಿದ್ದು ಸರಿ ಅಂತ ಹೇಳುವುದಿಲ್ಲ,
ಹದಿನಾಲ್ಕು ಗ್ರಾಮಿಗೆ ಅಷ್ಟು ಭಾರ ಇರಬಾರದು.
ಆದರೂ ಒಂದು ಲೆಕ್ಕ ಬಿಡುವುದಿಲ್ಲ ನನ್ನನ್ನು:
ನಾಳೆ ಆ ಸೊಪ್ಪಿಗೂ ಲೇಬಲು ಬಂದರೆ
ಸುರುಟುವುದು ಯಾರು? ನಾವೇ ಅಲ್ಲವಾ, ಬಜಾಲಿನವರು.
ಸಾವಿರಕ್ಕೆ ಎಷ್ಟು ಕೊಡುತ್ತಾರೆ?
ಚಾಟು ಯಾರ ಲೆಕ್ಕಕ್ಕೆ?
ಕೆಮ್ಮು?

ಲಾಯರಮ್ಮ ಫೈಲು ಬಗಲಿಗೆ ಸಿಕ್ಕಿಸಿ
ಮೆಟ್ಟಿಲು ಎರಡೆರಡು ಹತ್ತಿದಳು.

ಜಾಮೀನಾಯಿತು. ಬಸ್ಸಿನಲ್ಲಿ ಅವನು ಕಿಟಕಿಯ ಕಡೆ.
ಕಂಕನಾಡಿ ದಾಟಿದ ಮೇಲೆ
ನನ್ನ ಕೈ ಎಳೆದು ನೋಡಿದ, ಉಗುರಿನಡಿಯ ಕಂದು.
ಇದು ತೊಳೆದರೆ ಹೋಗುದಿಲ್ವಾ ಅಮ್ಮ?
ಹೋಗುದಿಲ್ಲ, ಅಂದೆ. ಇದು ಕಾನೂನು ಪ್ರಕಾರದ್ದು.
ಬ್ರಾಂಚಿಗೆ ಇನ್ನೂ ನಾನೂರು ಬಾಕಿ ಉಂಟು,
ಮನೆಗೆ ಹೋದದ್ದೇ
ನೂಲು ಸುತ್ತಲಿಕ್ಕೆ ಕೂತುಕೋ.