ಎರಡು ಬೆರಳು ಕಮ್ಮಿ

ಶಹಾಬಾದಿನ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದು
ಒಂದು ವಾರ.
ಎಂಟನೇ ತರಗತಿಯ ಮುಂದೆ ಲಂಬಕೋನ ತ್ರಿಭುಜವೊಂದು
ನೀಲಿ ಹಸಿರು ಚೌಕಗಳನ್ನು ಹೆಗಲಿಗೇರಿಸಿಕೊಂಡು
ಗರಗರ ತಿರುಗುತ್ತಿತ್ತು.
'ಇದು ವಿಕರ್ಣ' ಅಂದೆ.
ಕರೆಂಟು ಹೋಯಿತು.

ಕತ್ತಲಲ್ಲಿ ತಸ್ಲೀಮಾ ಎದ್ದಳು:
'ಸರ್, ನಮ್ಮ ಅಬ್ಬಾ ಇದನ್ನ ಹಗ್ಗದಾಗ ಮಾಡ್ತಾರ್ರಿ.
ಈ ಕಡಿ ಮೂರು ಮೊಳ, ಆ ಕಡಿ ನಾಕು,
ಓರೆ ಹಿಡದ್ರ ಐದು ಬರಬೇಕು.
ಬರಲಿಲ್ಲಂದ್ರ ಗ್ವಾಡಿ ಸುಳ್ಳು.'

ಆಟದ ಪೆಟ್ಟಿಗೆಯಿಂದ ಸ್ಕಿಪ್ಪಿಂಗ್ ಹಗ್ಗ ಬಂತು,
ಒಂದು ಹಿಡಿಕೆ ಮುರಿದದ್ದು.
ಬೆಂಚು ಸರಿಸಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತೆವು.
ಸೀಮೆಸುಣ್ಣದ ಗುರುತು: ಮೂರು. ನಾಲ್ಕು.
ಓರೆ ಹಿಡಿದರೆ
ಐದಕ್ಕೆ ಎರಡು ಬೆರಳು ಕಮ್ಮಿ.

ಮತ್ತೊಮ್ಮೆ ಅಳೆದೆವು. ಅಷ್ಟೇ.
ಮೇಲಿನಿಂದ ಫೋಟೊ ಹಿಡಿದು ಆ್ಯಪಿಗೆ ಕೊಟ್ಟೆ;
ಎಂಬತ್ತೆಂಟು, ಅಂದಿತು ಮೊಬೈಲು.
ಆರು ವರ್ಷ ಈ ಗೋಡೆಗೇ ಬೆನ್ನು ಕೊಟ್ಟು
ತೊಂಬತ್ತು ಡಿಗ್ರಿ ಕಲಿಸಿದ್ದೆ.

ಹುಡುಗರು ನಕ್ಕರು, ನಾನೂ.
ತಸ್ಲೀಮಾ ನೆಲ ಬಿಟ್ಟು ಎದ್ದಿರಲಿಲ್ಲ.
ಗೋಡೆಗುಂಟ ಕೊನೆಯ ಸಾಲಿನ ಪರ್ಸಿ
ಒಂದು ತುದಿಗೆ ಗೇಣಗಲ,
ಬರಬರುತ್ತ ಸಣ್ಣಗಾಗಿ
ಬಾಗಿಲ ಬಳಿ ಬರೀ ಚಾಕುವಿನ ಅಲಗು.
ಸಂದಿನಲ್ಲಿ ಉಗುರು ಕೂಡ ಇಳಿಯದು.

'ಇದು ಅಬ್ಬಾನ ಕೈ, ಸರ್.
ಗ್ವಾಡಿ ಸೊಟ್ಟ ಅದ ಅಂತ ಹೇಳಿದ್ರಂತ ಆವಾಗೇ.
ಗುತ್ತೇದಾರ ಅಂದನಂತ:
ಗ್ವಾಡಿ ಬ್ಯಾಡ, ಕಲ್ಲು ಕಡಿ.'

ಕರೆಂಟು ಬಂತು.
ತ್ರಿಭುಜ ತನ್ನಷ್ಟಕ್ಕೆ ತಿರುಗುತ್ತಿತ್ತು,
ಹಗ್ಗದ ಹಿಂದೆ ಓಡಿದವರು ಯಾರೂ ಅತ್ತ ನೋಡಲಿಲ್ಲ.
ಗಂಟೆ ಹೊಡೆದದ್ದು ಕೇಳಿಸಿತು.
ಮೂರು ಮೂಲೆ ಇನ್ನೂ ಬಾಕಿ.