ಕಿರುಬೆರಳು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದಾಟಿದರೆ ಮೂರನೇ ಬಾಗಿಲು ನನ್ನದು,
ರೀಚಾರ್ಜು, ಕವರು, ಒಡೆದ ಗಾಜು.
ಬೆಳಿಗ್ಗೆ ಎಂಟಕ್ಕೇ ಬಂದಳು ಪಿಳ್ಳವೆಂಕಟಮ್ಮ,
ಸೆರಗಿನಲ್ಲಿ ಫೋನು,
ಫೋನಿಗೊಂದು ಬೀಗ ಬೇಕು, ಬೀಗಕ್ಕೊಂದು ಬೆರಳು.

ಹೆಬ್ಬೆರಳು ಇಟ್ಟಳು. ಗುರುತಿಲ್ಲ ಎಂದಿತು.
ತೋರುಬೆರಳು. ಗುರುತಿಲ್ಲ.
ಒರೆಸಿ ಇಟ್ಟಳು, ಊದಿ ಇಟ್ಟಳು.
ಹತ್ತೊಂಬತ್ತು ವರ್ಷ ಕುದಿನೀರಿನಲ್ಲಿ
ಗೂಡಿನ ಎಳೆ ಹುಡುಕಿದ ಬೆರಳು
ತನ್ನ ಗೆರೆಗಳನ್ನೂ ಬಿಚ್ಚಿ ಕೊಟ್ಟುಬಿಟ್ಟಿದೆ
ಯಾರದೋ ಸೀರೆಗೆ.

ಕಡೆಗೆ ಎಡಗೈ ಕಿರುಬೆರಳು,
ಪಂಕ್ತಿಯಲ್ಲಿ ಕೂರಲು ನಾಚುವ ನೆಂಟನ ಹಾಗೆ
ನೀರಿಗಿಳಿಯದೆ ಹೊರಗೇ ನಿಂತದ್ದು.
ಫೋನು ಗುರ್ರೆಂದು ಒಪ್ಪಿಕೊಂಡಿತು.
‘ಕೆಲಸಕ್ಕೆ ಬಾರದ್ದೇ ಕೆಲಸಕ್ಕೆ ಬಂತಲ್ಲಣ್ಣ!’

ಅಂದಿನಿಂದ ಆ ಬೆರಳ ಮೇಲೆ ನಿಂತಿದೆ ಮನೆ.
ಖಲೀಲ್ ಸಾಬರ ಕೈಯಿಂದ
ನೇರ ಗಂಡನ ಜೇಬಿಗಿಳಿಯುತ್ತಿದ್ದ ಶನಿವಾರದ ಕೂಲಿ
ಈಗ ಟಿಣ್ ಎಂದು ಅವಳ ಸೊಂಟದಲ್ಲಿ ಇಳಿಯುತ್ತದೆ.
ಪಿಂಚಣಿ ಬಂತಾ ಅಂತ ಕೇಳಲು ಅತ್ತೆ
ಅರ್ಧ ದಿನ ಬ್ಯಾಂಕಿನ ಮೆಟ್ಟಿಲು ಕಾಯುವುದಿಲ್ಲ.
ಮಗಳು ಹರಿಣಾಕ್ಷಿ ಭಿನ್ನರಾಶಿಯ ಪಾಠವನ್ನು
ಮೂರು ಸಲ ಹಿಂದಕ್ಕೆಳೆದು ಕೇಳುತ್ತಾಳೆ.
ಮೇಷ್ಟ್ರನ್ನು ಹಾಗೆ ಎಳೆಯಲಾಗುತ್ತಿತ್ತೇ?

ಎಲ್ಲ ಒಳ್ಳೆಯದೇ ಎಂದರೆ ನಾನು ಸುಳ್ಳುಗಾರ.
ನಂಜುಂಡಪ್ಪ ಇಸ್ಪೀಟಿಗೆ ಮೊದಲು
ಊರಾಚೆಯ ಮಾವಿನ ತೋಪಿಗೆ ನಡೆಯಬೇಕಿತ್ತು,
ಈಗ ತೋಪೇ ಅಂಗೈಗೆ ಬಂದಿದೆ.
ಅವನ ಡೇಟಾ ಸಂಜೆ ಏಳಕ್ಕೇ ಮುಗಿದರೆ
ಇವಳ ಫೋನಿಗೆ ಕೈ;
ತಟ್ಟೆ ಬಿದ್ದ ಸದ್ದು ನಾಲ್ಕು ಮನೆಗೆ.
ಅವನಿಗೂ ರೀಚಾರ್ಜು ಮಾಡುವವನು ನಾನೇ.

ಮೊನ್ನೆ ಬಂದಳು. ಕಿರುಬೆರಳಿಗೆ ಅರಿಸಿನದ ಬಟ್ಟೆ.
ಫೀಸಿಗೆಂದು ಎರಡನೇ ಪಾಳಿ ಹಿಡಿದಿದ್ದಳಂತೆ,
ಆವಿ ಅದನ್ನೂ ಬಿಡಲಿಲ್ಲ.
‘ನಂಬರು ಒತ್ತಮ್ಮ’ ಎಂದೆ.
‘ಒತ್ತುವಾಗ ಅವನ ಕಣ್ಣು ನನ್ನ ಕೈ ಮೇಲೇ ಇರುತ್ತೆ.’

ಸ್ವಲ್ಪ ಹೊತ್ತು ಬೀದಿ ನೋಡಿದಳು.
ಆಮೇಲೆ ಚಪ್ಪಲಿ ಬಿಟ್ಟು,
ಫೋನನ್ನು ನೆಲಕ್ಕಿಟ್ಟು,
ನೆರಿಗೆ ಒಂಚೂರು ಎತ್ತಿ
ಕಾಲುಂಗುರದ ಪಕ್ಕದ ಬೆರಳನ್ನು
ಮತ್ತೆ ಮತ್ತೆ ಒತ್ತಿ ಗುರುತು ಕೊಟ್ಟಳು.
ತೆರೆಯಿತು.

ತಟ್ಟನೆ ಎತ್ತಿ ಎರಡೂ ಕಣ್ಣಿಗೊತ್ತಿಕೊಂಡಳು,
‘ಲಕ್ಷ್ಮಿಗೆ ಕಾಲು ತಗುಲಿಸಿದೆ, ತಪ್ಪಾಯ್ತು ತಾಯಿ.’
ಕಣ್ಣಿಂದ ಇಳಿಸದೆಯೇ ಅಂದಳು:
‘ಇಪ್ಪತ್ತೆಂಟು ದಿನದ್ದು ಹಾಕಣ್ಣ.
ಅವನದಕ್ಕೆ ಮಾತ್ರ ಈ ತಿಂಗಳು ಹಾಕಬೇಡ.’

ಹೂಂ ಎಂದೆ.
ಸಂಜೆ ಅವನೂ ಬರುತ್ತಾನೆ.