ಕೊನೆಯ ಖಾಲಿ ಹಾಳೆ

ನಂಬರು ಹನ್ನೊಂದು ನಲವತ್ತೇಳು. ರಟ್ಟು ಹೋಗಿ
ಬರೆದವರ ಹೆಸರೂ ಅದರ ಜೊತೆಗೇ ಹೋಗಿದೆ.
ಸೊಸೈಟಿ ಕ್ಯಾಲೆಂಡರಿನ ಜುಲೈ ತಿಂಗಳು ಈಗ ಅದರ ಹೊದಿಕೆ,
ಮೈದಾ ಅಂಟಿನಲ್ಲಿ ನಾನೇ ಹಚ್ಚಿದ್ದು.
ಒಳಗೆ ಒಂದು ಜಲಾಂತರ್ಗಾಮಿ, ಎಪ್ಪತ್ತೆರಡು ಗಂಡಸರು,
ಮುಳುಗಿದ ಮೇಲೆ ಬರುವ ಒಂದು ತಪ್ಪು ಆದೇಶ.

ಅರಸೀಕೆರೆ ರೈಲ್ವೆ ಇನ್‌ಸ್ಟಿಟ್ಯೂಟಿನ ಈ ಬೀರುವಿಗೂ
ಸಮುದ್ರಕ್ಕೂ ನಡುವೆ ಇಡೀ ಘಟ್ಟವಿದೆ.
ಆದರೂ ಇಷ್ಟು ಕೈ ಬದಲಿಸಿದ ಪುಸ್ತಕ ಇನ್ನೊಂದಿಲ್ಲ.
ಕೊನೆಗೆ ಎರಡು ಖಾಲಿ ಹಾಳೆ. ಓದಿದವರು ಅಲ್ಲಿ
ಪೆನ್ಸಿಲಿನಲ್ಲಿ ಗೀಚುತ್ತಾರೆ. ಗೀಚಕೂಡದು, ಬೋರ್ಡೇ ಇದೆ.
ಅಳಿಸುವ ಕೆಲಸ ನನ್ನದು. ರಬ್ಬರು ಡ್ರಾಯರಿನಲ್ಲಿದೆ.

ಗೂಡ್ಸ್ ಗಾರ್ಡ್ ಲೋಬೋ: "ಮೊದಲ ನೂರು ಪುಟ
ಹಬ್ಬನಘಟ್ಟದಲ್ಲಿ ಲೂಪಿಗೆ ಹಾಕಿ ಮರೆತ ಹಾಗೆ.
ಆಮೇಲೆ ಹಸಿರು ಬಿತ್ತು ನೋಡಿ, ಬ್ರೇಕೇ ಇಲ್ಲ."

ಬೋರ್‌ವೆಲ್ ಲಾರಿಯ ಮುರುಗೇಶ, ಕನ್ನಡ ಅಕ್ಷರ
ಇಲ್ಲಿಗೆ ಬಂದಮೇಲೆ ಕಲಿತವನು, ಗುಂಡಗೆ:
"ಮುನ್ನೂರು ಮೀಟರ್ ದೊಡ್ಡ ವಿಷಯ ಇಲ್ಲ. ಗಂಡಸಿಯಲ್ಲಿ
ನಾನು ಇಳಿಸಿದೀನಿ. ಇವರಿಗೆ ನೀರಾದರೂ ಸಿಕ್ಕಿದೆ."

ಸರ್ವಮಂಗಳಾ ಮೇಡಂ ಅಂಚಿನಲ್ಲಿ ಭಾಗಾಕಾರವನ್ನೇ ಮಾಡಿಟ್ಟಿದ್ದಾರೆ:
ಆ ವೇಗಕ್ಕೆ ಆ ದೂರ ನಾಲ್ಕೇ ನಿಮಿಷ. ಟಾರ್ಪಿಡೊ
ಏಳು ನಿಮಿಷ ಬರುತ್ತಲೇ ಇದೆ. "ಉಳಿದ ಮೂರು ನಿಮಿಷ
ಕ್ಯಾಪ್ಟನ್ ಭಾಷಣ. ಎರಡು ಅಂಕ ಕಡಿತ."

ನರ್ಸ್ ಜಬೀನಾ: "ತೊಂಬತ್ತು ದಿನ, ಒಬ್ಬನಿಗೂ ಭೇದಿ ಇಲ್ಲ.
ಇರುವುದೊಬ್ಬಳೇ ಹೆಂಗಸು, ಅವಳೂ ಕಿಸೆಯೊಳಗಿನ ಫೋಟೋ.
ಹೆಸರಿಡೋದು ಮರೆತಿರಾ ಸಾರ್?"

ಹವಾಲ್ದಾರ್ ಚೆಂಗಪ್ಪ ಇಂಕಿನಲ್ಲೇ ಬರೆದುಬಿಟ್ಟಿದ್ದಾರೆ:
"ವೈರಿ ಕಡೆಯ ಕ್ಯಾಪ್ಟನ್ ನಮ್ಮವನಿಗಿಂತ ಒಳ್ಳೆಯವನು.
ಇದು ನನಗೆ ಸೇರಲಿಲ್ಲ." ಕೆಳಗೆ, ಬೇರೆ ತಾರೀಖು:
"ಎರಡನೇ ಸಲ ಓದಿದೆ. ಈಗಲೂ ಸೇರಲಿಲ್ಲ."
ಮೂರನೇ ಸಲಕ್ಕೆ ಹೆಸರು ಬರೆಸಿ ಹೋಗಿದ್ದಾರೆ.

ಇವರೆಲ್ಲರ ಮೇಲೆ, ಹಾಳೆಯ ನೆತ್ತಿಗೆ, ಸಹಿಯಿಲ್ಲದ ಯಾವನೋ:
"ಪುಟ ೨೦೩ರಲ್ಲಿ ಅಡುಗೆಯವನು ಸಾಯ್ತಾನೆ."
ಸುತ್ತ ಐದಾರು ಕೈಗಳ ಬೈಗುಳ.
ಮರ್ಯಾದಸ್ಥರು ಅಂದುಕೊಂಡಿದ್ದವರ ಅಕ್ಷರವೂ ಇದೆ, ಗುರುತು ಹಿಡಿದೆ.

ಬಾಣಾವರದ ಓಂಕಾರಮೂರ್ತಿ ಪುಸ್ತಕ ಒಯ್ದು
ನಲವತ್ತೊಂದು ದಿನ ತರಲಿಲ್ಲ. ಬಸ್ ಸ್ಟ್ಯಾಂಡ್ ಹಿಂದೆ
ಅವನದು ಚಿತ್ರಾನ್ನದ ಗಾಡಿ. ನೇವಿಯಲ್ಲಿದ್ದನಂತೆ;
ಏನಾಗಿದ್ದ ಎಂದು ಯಾರೂ ಕೇಳಿರಲಿಲ್ಲ.
ತಂದುಕೊಟ್ಟಾಗ ಕೊನೆಯ ಹಾಳೆ ನೋಡಿದೆ. ಏನೂ ಬರೆದಿರಲಿಲ್ಲ.
ಹೇಗಿತ್ತು, ಅಂದೆ.
"ಒಳಗೆ ಇಷ್ಟು ಮಾತು ಇರಲ್ಲ," ಅಂದ.
ದಂಡ ಕಟ್ಟಿದ. ಬಾಗಿಲವರೆಗೆ ಹೋಗಿ ತಿರುಗಿದ:
"ಸದ್ದು ಮಾಡಬೇಡಿ ಅಂದಾಗ ಆ ಅಡುಗೆಯವನು
ಸೌಟು ಹಿಡಕೊಂಡು ಓಡ್ತಾನಲ್ಲ,
ಯಾರೂ ಓಡಲ್ಲ. ಸೌಟನ್ನ ಮಲಗಿಸ್ತೀವಿ."

ಮರುದಿನ ಬೆಳಿಗ್ಗೆ ಗಾಡಿಗೆ ಹೋದೆ.
ಪಕ್ಕದವರು ತವದ ಮೇಲೆ ಟಣಟಣ ಬಡಿದು
ಶಿವಮೊಗ್ಗ ಬಸ್ಸಿನವರನ್ನು ಕರೆಯುತ್ತಿದ್ದರು.
ಇವನ ಬೋಗುಣಿಯ ಅಡಿಗೆ ಒದ್ದೆ ಬಟ್ಟೆ,
ಮುಚ್ಚಳದ ಅಂಚಿಗೆ ಸುತ್ತಿದ ಚಿಂದಿ,
ಸೌಟು ಮಗ್ಗುಲಾಗಿ, ಮಡಿಸಿದ ಟವೆಲ್ಲಿನ ಮೇಲೆ.
ಎಂಟು ವರ್ಷ ಇಲ್ಲೇ ತಿಂದಿದ್ದೇನೆ. ನೋಡಿರಲಿಲ್ಲ.
ತಟ್ಟೆಯನ್ನು ಬೆಂಚಿನ ಮೇಲಿಡುವಾಗ
ಯಾಕೋ ನನ್ನ ಕೈಯೂ ನಿಧಾನಿಸಿತು.

ಬಂದು ರಬ್ಬರು ತೆಗೆದೆ. ಒಂದೇ ಸಾಲು ಅಳಿಸಿದೆ,
ನೆತ್ತಿಯ ಮೇಲಿನದು.
ಪಾಪಿ, ಒತ್ತಿ ಬರೆದಿದ್ದ; ಓರೆ ಹಿಡಿದರೆ
ಬೆಳಕಿಗೆ ಈಗಲೂ ಓದಬಹುದು. ಅದರ ಕೆಳಗೆ
ಬೈಗುಳಗಳು ಯಾರನ್ನು ಬೈಯುತ್ತಿವೆಯೋ ತಿಳಿಯದೆ ಹಾಗೇ ನಿಂತಿವೆ.
ಚೆಂಗಪ್ಪನವರು ಮೂರನೇ ಸಲಕ್ಕೆ ಒಯ್ದಿದ್ದಾರೆ.
ವಾಪಸು ಹದಿನಾಲ್ಕನೇ ತಾರೀಖು.